ಒಂದು ಅಸಿಸ್ಟ್

ಗಣಿ ಮುಚ್ಚಿದ ವರ್ಷವೇ ತಂಡವೂ ಮುಚ್ಚಿತು.
ಉಳಿದದ್ದು ಈ ಹಸಿರು ರಟ್ಟಿನ ಪುಸ್ತಕ,
ನನ್ನ ಗ್ರಂಥಾಲಯದ ಕಬ್ಬಿಣದ ಬೀರುವಿನಲ್ಲಿ.

ಸೇಂಟ್ ಒದಿಲ್ ತಾಮ್ರದವರು: ಹನ್ನೊಂದು ಚಳಿಗಾಲ,
ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.
ಗೋಲಿ ತೋಯ್ವೊ ಒಂದೇ ರಾತ್ರಿ ತಿಂದದ್ದು ಹದಿನೇಳು.
ಆ ದಾಖಲೆ ಇನ್ನು ಯಾರೂ ಮುರಿಯರು.

ಮಂಗಳವಾರ ರೆಜಾನ್ ಬಂದಳು, ಎಂಬತ್ತೊಂಬತ್ತು,
ಆಗ ಸ್ಕೋರು ಬರೆಯುತ್ತಿದ್ದ ಹುಡುಗಿ.
ಕೈಗವಸು ಕಳಚದೆ ಪುಟ ತಿರುವಿ
ಒಂದು ಹೆಸರಿನ ಮೇಲೆ ಬೆರಳಿಟ್ಟಳು:
ಒವಿಲಾ ಗೊದ್ರೋ. ಪಂದ್ಯ ಒಂದು. ಗೋಲು ಸೊನ್ನೆ. ಅಸಿಸ್ಟ್ ಸೊನ್ನೆ.

“ಪಕ್ ಇವನ ಕೋಲಿಗೆ ತಾಗಿಯೇ ಹೋಯಿತು, ಕಣ್ಣಾರೆ ಕಂಡೆ.
ಶಾಯಿ ಹೆಪ್ಪುಗಟ್ಟಿತ್ತು.
ಪೆನ್ನು ಬಾಯಲ್ಲಿಟ್ಟು ಕರಗಿಸುವಷ್ಟರಲ್ಲಿ
ಎಲ್ಲರೂ ಇವನಣ್ಣನ ಹೆಸರು ಕೂಗುತ್ತಿದ್ದರು.
ಕೂಗಿದ್ದನ್ನೇ ಬರೆದೆ.”

ತಿದ್ದಿಸೋಣವೆಂದರೆ ಲೀಗೇ ಇಲ್ಲ.
ಒವಿಲಾ ಮರುವಾರ ಸ್ಕೇಟು ಮಾರಿ ರೈಲು ಹತ್ತಿದವನು,
ಆಮೇಲೆ ಒಂದು ಕಾಗದವಿಲ್ಲ.

ಸರಕಾರಿ ಪುಸ್ತಕ, ಗೀಚುವಂತಿಲ್ಲ ಎನ್ನಬೇಕಿತ್ತು ನಾನು.
ಪೆನ್ಸಿಲ್ ಕೊಟ್ಟೆ.

ಸೊನ್ನೆಯನ್ನು ಸೀಳಿ ನೆಟ್ಟಗೆ ಒಂದು ಗೆರೆ ಎಳೆದಳು.
ಮತ್ತೆ ಅಣ್ಣನ, ಎಂದರೆ ತನ್ನ ಗಂಡನ, ಸಾಲಿಗೆ ಹೋಗಿ
ಮೂವತ್ತೊಂದನ್ನು ಮೂವತ್ತು ಮಾಡಿ
ತುಸು ಹೊತ್ತು ಕೂತಿದ್ದಳು.

“ಬೈತಾನೆ ನೋಡು” ಅಂದಳು.