ಒಂದೇ ಹನಿ
(ಹ್ವಾರ್ ದ್ವೀಪ, ಜೂನ್)

ಅಳಬೇಡ ತೋನ್ಚಿ, ಮೊದಲು ನೀರು.
ಮಣ್ಣು ಹೋಗದೆ ಯಾವ ಮದ್ದೂ ಮದ್ದಲ್ಲ—
ಯೆರ್ಕಜ್ಜಿ ಗದರುತ್ತಾಳೆ,
ಕುಡುಗೋಲು ಕಚ್ಚಿದ ಹೆಬ್ಬೆರಳ
ತೊಳೆಯುತ್ತ, ತೊಳೆಯುತ್ತ.

ಆಚೆ ತಾಮ್ರದ ಭಟ್ಟಿ ಏದುಸಿರು ಬಿಡುತ್ತಿದೆ.
ಬೆಳಗಿನಿಂದ ಮೂರು ಕತ್ತೆಹೊರೆ ಲ್ಯಾವೆಂಡರ್ ನುಂಗಿ
ಕಕ್ಕಿದ್ದು ಇಷ್ಟೇ:
ಗಾಜಿನ ಕುತ್ತಿಗೆಯಲ್ಲಿ, ನೀರ ಮೇಲೆ
ತೇಲುವ ತೆಳು ಹಳದಿ ಗೆರೆ.

ಒಂದು ಚಮಚ ಆಲಿವ್ ಎಣ್ಣೆಗೆ ಒಂದೇ ಹನಿ.
'ಇನ್ನೊಂದು ಹಾಕಜ್ಜಿ.'
'ಉರಿಯುತ್ತೆ ಪೆದ್ದಾ. ಹೂವಿಗೂ ಹಲ್ಲಿದೆ.'

ಅವಳ ಅಂಗೈ ತುಂಬ ಹಳೆಯ ಗೀರುಗಳು.
ಯಾವುದು ಎಣ್ಣೆಯಿಂದ ಮಾಯಿತು,
ಯಾವುದು ತನ್ನಷ್ಟಕ್ಕೆ ತಾನೇ—
ಕೇಳಿದರೆ ಭಟ್ಟಿಗೆ ಸೌದೆ ತುರುಕುತ್ತಾಳೆ.

ಬಟ್ಟೆ ಬಿಗಿಸಿಕೊಂಡ ಹುಡುಗ
ನೋವು ಮರೆತು ಬೆರಳು ಮೂಸುತ್ತ
ಕಲ್ಲುದಾರಿ ಇಳಿಯುತ್ತಾನೆ;
ಜೇನ್ನೊಣವೊಂದು, ಬಿಳಿ ಗಂಟನ್ನೇ
ಹೂವೆಂದು ನಂಬಿ,
ಸಮುದ್ರದವರೆಗೂ ಹಿಂದೆ.