ಉಪ್ಪಿನ ಲೆಕ್ಕ

ಹತ್ತು ಲೀಟರಿಗೆ ಒಂದು ಚಮಚ, ಅಂಚಿಗೆ ಸವರಿದ ಚಮಚ.
ದಾರ್ ಎಸ್ ಸಲಾಮಿನ ಅಂಗಡಿಯವನು ಫೋನಿನಲ್ಲಿ ಹೇಳಿದ್ದು.
ಹೋಟೆಲಿನ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ಕೇಳಿದರೆ
ಖತೀಬ್ ನಕ್ಕ: 'ಹುರಿಯೋಕೋ, ಒಣಗಿಸೋಕೋ?'
ಈ ಜಂಜಿಬಾರಿನಲ್ಲಿ ಮೀನಿಗೆ ಉಪ್ಪು ಹಾಕಲು
ಮೂರನೆಯ ಕಾರಣವೊಂದಿದೆಯೆಂದು
ಯಾರೂ ಕೇಳಿದವರಲ್ಲ.

ನಾನು ಮಕಾಮೆ. ರಾತ್ರಿಪಾಳಿ.
ಬೀಗದಕೈಗಳ ಹಲಗೆ, ಮೇಜು, ಮೇಜಿನ ಪಕ್ಕ ಗಾಜಿನ ತೊಟ್ಟಿ,
ತೊಟ್ಟಿಯಲ್ಲಿ ಮಲ್ಕಿಯಾ. ರಾಣಿ ಅಂತ ಅರ್ಥ.
ಐದು ವರ್ಷದ ಹಿಂದೆ ಫೆರಿಯಲ್ಲಿ
ಪ್ಲಾಸ್ಟಿಕ್ ಚೀಲದೊಳಗೆ ಕೂತು ಬಂದವಳು,
ಸಮುದ್ರ ದಾಟಿಯೂ ಸಮುದ್ರ ಕಾಣದವಳು.

ಈಗ ಹೊಟ್ಟೆ ಊದಿದೆ. ಹುರುಪೆಯೆಲ್ಲ ನಿಗುರಿ
ಮಾಗಿದ ಸೀತಾಫಲದ ಮೈ.
ಜಲೋದರವಂತೆ.
ನೀರಲ್ಲೇ ಹುಟ್ಟಿದವಳಿಗೆ
ನೀರು ಒಳಗೆ ಬಂದು ಕೂತ ರೋಗ.
ಗಾಜಿಗೆ ಮೂತಿ ತಾಗಿಸಿ, ಬಾಲ ಮೇಲೆ ಮಾಡಿ,
ಬಾಡಿಗೆ ಕೊಡಲಾಗದ ಗಿರಾಕಿಯಂತೆ
ಮೂಲೆಯಲ್ಲಿ ನಿಂತಿದ್ದಾಳೆ.

ಹದಿನಾರು ದಿನ.
ಹಳದಿ ಔಷಧಿ ಹಾಕಿದೆ, ನೀರು ಹಳದಿಯಾಯಿತು, ನನ್ನ ಬೆರಳೂ.
ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಉಗುರಿನ ತುದಿಯಷ್ಟು ಹಿಸುಕಿ ಕೊಟ್ಟೆ;
ಬಾಯಿಗೆ ತೆಗೆದುಕೊಂಡು ಉಗುಳಿದಳು.
ತೆಗೆದುಕೊಂಡಳಲ್ಲ ಎಂದು ಹಿಗ್ಗಿದವನು ನಾನೇ.
ದಿನಕ್ಕೆ ಕಾಲುಭಾಗ ನೀರು ಬದಲು.
ಗಿರಾಕಿಗಳ ದಾಖಲೆಪುಸ್ತಕದ ಕೊನೆಯ ಪುಟದಲ್ಲಿ ಬರೆಯುತ್ತೇನೆ:
ಸೋಮವಾರ, ಹಾಗೇ. ಮಂಗಳವಾರ, ಹಾಗೇ.
ಬುಧವಾರ, ಸ್ವಲ್ಪ ವಾಸಿ
ಎಂದು ಬರೆದು, ಬೆಳಗ್ಗೆ ಹೊಡೆದುಹಾಕಿದೆ.

ಗುರುವಾರ ರಾತ್ರಿ ಕರೆಂಟು ಹೋಯಿತು. ಗಾಳಿಪಂಪು ನಿಂತಿತು.
ಗುಳ್ಳೆಗಳ ಸದ್ದು ಇಷ್ಟು ದಿನ ಇತ್ತೆಂಬುದು
ನಿಂತಮೇಲೆ ಕೇಳಿಸಿತು.
ಮೇಣದಬತ್ತಿ ಹಚ್ಚಿ, ಚಹಾದ ಲೋಟದಲ್ಲಿ ಮೊಗೆದು ಸುರಿದೆ,
ಮೊಗೆದು, ಮೇಲಿಂದ, ಸುರಿದೆ,
ನೀರಿಗೆ ಗಾಳಿ ಕುಡಿಸುವುದು ಹೀಗೆ.
ಎರಡು ಗಂಟೆಗೆ ಹತ್ತನೇ ನಂಬರಿನ ಪೋಲೆಂಡಿನ ದಂಪತಿ
ಬಂದು ಬೀಗದಕೈ ಕೇಳಿದರು.
ಎಡಗೈಯಲ್ಲಿ ಕೊಟ್ಟೆ. ತಪ್ಪು.
ಬಲಗೈಗೆ ಬಿಡುವಿರಲಿಲ್ಲ.

ಬೆಳಗಿನ ಹರಾಜು ಮುಗಿಸಿ ಅಪ್ಪ ಬಂದ,
ತೋಳಿಗೆಲ್ಲ ಟ್ಯೂನಾದ ರಕ್ತ ಒಣಗಿ.
ಬಂದರಿನವರು ಅವನಿಗೆ ಹೇಳಿಯಾಗಿದೆ:
ಹಾಜಿ, ನೀನು ಮೀನು ಹಿಡಿದೆ, ನಿನ್ನ ಮಗ ಮೀನಿಗೆ ದಾದಿ.
ದೋಣಿಯ ಅಂಚಿಗೆ ಒಂದೇ ಏಟು,
ಅವನ ಕೈಯ ಕರುಣೆ ನನಗೆ ಗೊತ್ತು.
ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಬಹಳ ಹೊತ್ತು ನೋಡಿದ.
'ಒದ್ದಾಡಿ ಸಾಯೋ ಮೀನು ನೋಡಿದೀನಿ, ಲಕ್ಷ.
ಕಾಯಿಲೆ ಬಿದ್ದದ್ದು ಇದೇ ಮೊದಲು.
ಸಮುದ್ರದಲ್ಲಿ ಕಾಯಿಲೆ ಅಂದ್ರೆ ಇನ್ನೊಂದರ ಊಟ.'
ಆಮೇಲೆ ಕೇಳಿದ: 'ನಿದ್ದೆ ಮಾಡುತ್ತಾ?'
ಗೊತ್ತಿಲ್ಲ, ಕಣ್ಣಿಗೆ ರೆಪ್ಪೆಯಿಲ್ಲ, ಅಂದೆ.

ಮೇಜಿನ ಡ್ರಾಯರಿನಲ್ಲಿ ಲವಂಗದೆಣ್ಣೆಯ ಶೀಶೆಯಿದೆ.
ಪೆಂಬಾದ ಅತ್ತೆ ಹಲ್ಲುನೋವಿಗೆಂದು ಕಳಿಸಿದ್ದು.
ಅಂಗಡಿಯವನು ಅದರ ಲೆಕ್ಕವನ್ನೂ ಹೇಳಿದ್ದಾನೆ, ದನಿ ತಗ್ಗಿಸಿ:
ಇಷ್ಟು ಹನಿಗೆ ನಿದ್ದೆ, ಇನ್ನಷ್ಟಕ್ಕೆ...
ಬರೆದುಕೊಂಡಿಲ್ಲ. ಮರೆತೂ ಇಲ್ಲ.
ಸುಗ್ಗಿಯ ತಿಂಗಳು. ಗೋದಾಮುಗಳ ಕಡೆಯಿಂದ ಗಾಳಿ ಬೀಸಿದರೆ
ಊರಿಗೆ ಊರೇ ಆ ಶೀಶೆಯ ವಾಸನೆ,
ದಿಂಬು, ಬ್ರೆಡ್ಡು, ನಮಾಜಿನ ಚಾಪೆ.
ಮೂಗು ಮುಚ್ಚಿಕೊಂಡು ಎಲ್ಲಿಗೆ ಹೋಗಲಿ?

ಅಪ್ಪ ಎದ್ದ. ಕರೆಂಟು ಬಂದು ಗಂಟೆಯಾಗಿತ್ತು,
ಪಂಪು ಗುಳುಗುಟ್ಟುತ್ತಿತ್ತು, ಆದರೂ
ಲೋಟ ತೆಗೆದುಕೊಂಡು ಒಂದು ಸಲ
ಮೊಗೆದು, ಮೇಲಿಂದ ಸುರಿದ.
ಮಲ್ಕಿಯಾ ಮೂಲೆ ಬಿಟ್ಟು ಬೆರಳಷ್ಟು ಮುಂದೆ ಬಂದಳು,
ಅಲೆ ತಳ್ಳಿತೋ, ತಾನಾಗಿಯೋ.

ಪುಸ್ತಕ ತೆರೆದು, ಶುಕ್ರವಾರ, ಎಂದು ಬರೆದೆ.
ಮುಂದಿನದು ಬರೆಯಲಿಲ್ಲ. ನೀರು ಬದಲಿಸುವ ಹೊತ್ತು.
ಇಪ್ಪತ್ತು ಲೀಟರು. ಎರಡು ಚಮಚ,
ಅಂಚಿಗೆ ಸವರಿ.