ಕಣ್ಣು ಮಿಟುಕಿಸಿ

ಹತ್ತು ಬೆರಳೂ ಆಯಿತು.
ಹೆಬ್ಬೆರಳಿಗೆ ಎಣ್ಣೆ ಸವರಿ, ಒರೆಸಿ, ಒತ್ತಿ,
ಗಾಜಿನ ಮೇಲೆ ಬಾಯಾವಿ ಬಿಟ್ಟು ಒತ್ತಿ,
ನನ್ನ ಕೈ ಅವರ ಕೈ ಮೇಲಿಟ್ಟು ಒತ್ತಿ.
ಹೊಂದುತ್ತಿಲ್ಲ, ಅಂತು ಮಿಷನ್ನು.
ಜನವರಿಯಿಂದ ಪಿಂಚಣಿ ನಿಂತಿದೆ.
ಹವಾಲ್ದಾರ್ ಚಿಕ್ಕಪಿಳ್ಳಪ್ಪ, ನಲವತ್ತೇಳು ವರ್ಷ,
ಶಿಡ್ಲಘಟ್ಟದ ನನ್ನಂಗಡಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ
ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ;
ಬದುಕಿದ್ದಾರೆ ಎನ್ನಲು ದಾಖಲೆಯಿಲ್ಲ.

ಬೆರಳ ಗೆರೆಗಳನ್ನು ನೀರು ತಿಂದಿದೆ.
ಎಂಟು ವರ್ಷದಿಂದ ಕಲೀಮುಲ್ಲಾ ಸಾಬರ ಫಿಲೇಚರಿನಲ್ಲಿ
ಬಿಸಿ ಬಾಣಲೆಯೊಳಗೆ ಕೈಯಾಡಿಸಿ
ಗೂಡಿನ ಎಳೆಯ ತುದಿ ಹುಡುಕುತ್ತಾರೆ.
ಅದಕ್ಕೂ ಮೊದಲು ಅದೇ ಬೆರಳು
ಗಡಿಯ ಮಣ್ಣಲ್ಲಿ ಬೇರೇನನ್ನೋ ಹುಡುಕುತ್ತಿತ್ತು:
ಬೋರಲು ಮಲಗಿ, ಸಲಾಕೆ ಓರೆ ಹಿಡಿದು,
ಎರಡೆರಡು ಅಂಗುಲ, ಎರಡೆರಡು ಅಂಗುಲ,
ತಾಕಿದರೆ ತಾಕಿದ್ದಷ್ಟೇ ಗೊತ್ತಾಗುವಂತೆ.

ಇದನ್ನು ಅವರು ಹೇಳಲಿಲ್ಲ.
ಹೇಳಿದ್ದು ಹೆಂಡತಿ ನಾಗವೇಣಮ್ಮ, ಹೋದ ಸಲ ಅರ್ಜಿ ತುಂಬುವಾಗ.
"ಹಿಪ್ಪುನೇರಳೆ ತೋಟಕ್ಕೋದ್ರೆ
ಟ್ರ್ಯಾಕ್ಟರ್ ಚಕ್ರದ ಗುರುತಿನ್ ಮೇಲೇ ನಡೀತಾರಮ್ಮ.
ಅದಿಲ್ದಿದ್ರೆ ನನ್ನೆಜ್ಜೆ ಮೇಲೆ.
ರಜೆಗ್ ಬಂದೋಗ್ತಿದ್ದಾಗ ಗೊತ್ತೇ ಆಗ್ಲಿಲ್ಲ.
ಮೊದ್ಲು ನಗು ಬರೋದು.
ಈಗ ನಾನೇ ಗಟ್ಟಿಯಾಗ್ ತುಳೀತೀನಿ,
ಹೆಜ್ಜೆ ಮೂಡ್ಲಿ ಅಂತ."

ಅರ್ಜಿಯಲ್ಲೊಂದು ಕಲಮಿತ್ತು: ಗಾಯದ ವಿವರ.
ಕೈಯಿದೆ, ಕಾಲಿದೆ, ಕಣ್ಣಿದೆ.
'ಅನ್ವಯಿಸುವುದಿಲ್ಲ' ಎಂದು ಟೈಪು ಮಾಡಿದವಳು ನಾನೇ.
ಮಾಜಿ ಸೈನಿಕರ ಕಚೇರಿಗೂ ಮೂರು ಸಲ ಹೋಗಿ ಬಂದರಂತೆ.
ಒಮ್ಮೆ ಸಾಹೇಬರು ಮೀಟಿಂಗಿನಲ್ಲಿ. ಒಮ್ಮೆ ಸರ್ವರ್ ಡೌನು.
ಇನ್ನೊಮ್ಮೆ ಎಲ್ಲ ಸರಿಯಿತ್ತು; ಕುರ್ಚಿ ಕೊಟ್ಟರು, ಟೀ ಕೊಟ್ಟರು,
ಏನಾಗಿದೆ ಹೇಳಿ, ಎಂದು ಕೇಳಿದರು.
ಇವರಿಗೇ ಮಾತು ಹೊರಡಲಿಲ್ಲ.
ಲೋಟ ತೊಳೆದಿಟ್ಟು ಬಂದರು.

ಕೊನೆಗೆ ಮುಖ ತೋರಿಸುವ ದಾರಿಯೊಂದಿದೆ.
ಫೋನು ಹಿಡಿದೆ. ವೃತ್ತದೊಳಗೆ ಮುಖ ಕೂತಿತು.
'ಕಣ್ಣು ಮಿಟುಕಿಸಿ' ಅಂತು.
"ಸರ್, ಕಣ್ಣು."
"ಮುಚ್ಬೇಕಾ?"
"ಮುಚ್ಚಿ ತೆಗೀಬೇಕು."
ಮುಚ್ಚಿದರೆ ತೆಗೆಯುವುದಿಲ್ಲ, ತೆಗೆದರೆ ಮುಚ್ಚುವುದಿಲ್ಲ.
ಸಮಯ ಮೀರಿದೆ. ಮತ್ತೆ ಪ್ರಯತ್ನಿಸಿ.
ಸಮಯ ಮೀರಿದೆ.

ಪಕ್ಕದ ಗೊಬ್ಬರದಂಗಡಿಯ ರಾಮಾಂಜಿ
ಊಟಕ್ಕೆ ಹೊರಟು ಷಟರ್ ಎಳೆದ.

ಧಡ್.

ಫೋನಿಗೆ ಬೇಕಾದ್ದು ಸಿಕ್ಕಿತು.
ಹಸಿರು ಗುರುತು: ವ್ಯಕ್ತಿ ಜೀವಂತ.
ಸ್ಟೂಲು ಮಗುಚಿ ಬಿದ್ದಿತ್ತು.
ಅವರು ನನ್ನ ಮೇಜಿನಡಿ, ಜೆರಾಕ್ಸ್ ಹಾಳೆಯ ಕಟ್ಟುಗಳ ನಡುವೆ,
ಒಂದು ಕೈ ತಲೆಯ ಮೇಲೆ,
ಇನ್ನೊಂದು ನನ್ನೆರಡೂ ಪಾದ ಅದುಮಿ ಹಿಡಿದು:
"ಕದಲ್ಬೇಡ."

ಕದಲಲಿಲ್ಲ.
ಪ್ರಿಂಟರು ತನ್ನಷ್ಟಕ್ಕೆ ಹಾಳೆ ಉಗುಳಿತು.
ಬೀದಿಯಲ್ಲಿ ಗೂಡಿನ ಚೀಲ ಹೇರಿದ ಆಟೋದವನು
ಯಾರಿಗೋ ತೆಲುಗಿನಲ್ಲಿ ಬೈಯುತ್ತಿದ್ದ.
ಗೆರೆಯಿಲ್ಲದ ಬೆರಳು ನುಣ್ಣಗಿದ್ದವು, ನಡುಗುತ್ತಿರಲಿಲ್ಲ.
ನಡುಗಿದ್ದು ನನ್ನ ಕಾಲು.

ಆಮೇಲೆ ಎದ್ದು ಸ್ಟೂಲು ನಿಲ್ಲಿಸಿದರು.
"ಆಯ್ತಾ?"
"ಆಯ್ತು ಸರ್. ಒಂದು ವರ್ಷಕ್ಕೆ."
ಹೇಗಾಯಿತೆಂದು ಕೇಳಲಿಲ್ಲ, ನಾನು ಹೇಳಲೂ ಇಲ್ಲ.
ಐವತ್ತು ಕೊಟ್ಟು ಚಿಲ್ಲರೆಗೆ ಕಾದರು.

ಹೊರಗೆ ಪೈಪು ಹೂಳಲು ರಸ್ತೆ ಅಗೆದು
ಬೆಳಿಗ್ಗೆಯಷ್ಟೇ ಮಣ್ಣು ಮುಚ್ಚಿದ್ದರು.
ಮೆಟ್ಟಿಲ ಕೊನೆಯಲ್ಲಿ ನಿಂತೇ ಇದ್ದರು,
ಚಪ್ಪಲಿ ಸರಿಮಾಡಿಕೊಳ್ಳುವವರ ಹಾಗೆ.
ಎದುರುಗಡೆ ನನಗೇನೂ ಕೆಲಸವಿರಲಿಲ್ಲ.
ಇಳಿದು ಮುಂದೆ ನಡೆದೆ,
ಗಟ್ಟಿಯಾಗಿ ತುಳಿಯುತ್ತಾ.